ಬೆಳಗಿಗೆ ಊರು ಮುಟ್ಟಲೇಬೇಕೆ?

ಮುಂಬಯಿ ಕನ್ನಡಿಗನ ಪಂಚಾಂಗದಲ್ಲಿ ಋತುಗಳು ಆರಲ್ಲ, ನಾಲ್ಕೇ. ಮಕ್ಕಳ ಪರೀಕ್ಷೆ ಮುಗಿದ ಮೇಲಿನ ಬೇಸಿಗೆ ರಜೆ ಒಂದು, ಚೌತಿ ಎರಡು, ದಸರೆ-ದೀಪಾವಳಿ ಮೂರು, ಡಿಸೆಂಬರದ ಕೊನೆಯ ವಾರ ನಾಲ್ಕು. ಈ ನಾಲ್ಕೂ ಋತುಗಳಲ್ಲಿ ನಮ್ಮವರು ಮಾಡುವ ಕೆಲಸ ಒಂದೇ, ಊರಿಗೆ ಹೊರಡುವುದು. ಆ ದಿನಗಳಲ್ಲಿ ಸಂಜೆ ಬೊರಿವಲಿಯಿಂದ ಹಿಡಿದು ಸಾಯನ್, ಚೆಂಬೂರು, ವಾಶಿ, ಕಳಂಬೋಲಿಯವರೆಗೆ ಹೆದ್ದಾರಿಯ ಬದಿಯಲ್ಲಿ ಚೀಲ, ಸೂಟ್‌ಕೇಸು, ಮಕ್ಕಳು, ಮುದುಕರೊಂದಿಗೆ ನಿಂತಿರುವ ಗುಂಪುಗಳನ್ನು ನೋಡಿದವರಿಗೆ, ಈ ನಗರದಲ್ಲಿ ಕನ್ನಡಿಗರು ಎಷ್ಟು ಮಂದಿ ಇದ್ದಾರೆಂದು ಜನಗಣತಿಯವರನ್ನು ಕೇಳುವ ಅಗತ್ಯ ಬೀಳದು.

1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದು ಮತ್ಸ್ಯಗಂಧ ಓಡತೊಡಗಿದಾಗ, ಇನ್ನು ನಮ್ಮ ಬಸ್ಸಿನ ಬವಣೆ ತೀರಿತೆಂದು ಕರಾವಳಿಯ ಹಿರಿಯರು ನಿಟ್ಟುಸಿರು ಬಿಟ್ಟಿದ್ದರು. ತೀರಲಿಲ್ಲ. ಆ ಹಳಿ ಇಂದಿಗೂ ಬಹುಪಾಲು ಒಂಟಿ ಹಳಿ. ಅದರ ಮೇಲೆ ಓಡಬಲ್ಲ ಗಾಡಿಗಳಿಗೆ ಒಂದು ಲೆಕ್ಕವಿದೆ. ಮುಂಗಡ ಟಿಕೀಟು ಈಗ 60 ದಿನ ಮುಂಚಿತವಾಗಿ ಮಾತ್ರ ಸಿಗುತ್ತದೆ (2024ರ ನವೆಂಬರ್ ತನಕ ಅದು 120 ದಿನವಿತ್ತು). ರಜೆಯ ದಿನಗಳ ಟಿಕೀಟು ಬೆಳಗ್ಗೆ ಕಿಟಕಿ ತೆರೆದ ಕೆಲವೇ ನಿಮಿಷಗಳಲ್ಲಿ ವೇಟಿಂಗ್ ಲಿಸ್ಟಿಗೆ ಇಳಿಯುತ್ತದೆ. ಹುಬ್ಬಳ್ಳಿ-ಬೆಂಗಳೂರಿನ ಕಡೆಯವರ ಪಾಡೂ ಇದಕ್ಕಿಂತ ಮೇಲಲ್ಲ. ಹೀಗಾಗಿ ನಾವು ಮತ್ತೆ ರಾತ್ರಿ ಬಸ್ಸಿನ ಏಜಂಟನ ಮುಂದೆಯೇ ನಿಲ್ಲುತ್ತೇವೆ.

ನಿಂತವರು ಕೇಳುವ ಪ್ರಶ್ನೆಗಳು ಎರಡೇ ಎರಡು. "ಟಿಕೀಟು ಎಷ್ಟು?" ಎಂಬುದು ಮೊದಲನೆಯದು. "ಬೆಳಗ್ಗೆ ಎಷ್ಟು ಗಂಟೆಗೆ ಮುಟ್ಟುತ್ತದೆ?" ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆ ನಮ್ಮ ಕಿಸೆಯನ್ನು ಬರಿದು ಮಾಡುತ್ತದೆ, ಅಷ್ಟೆ. ಎರಡನೆಯ ಪ್ರಶ್ನೆ ನಮ್ಮ ಜೀವವನ್ನೇ ತೆಗೆಯುತ್ತಿದೆ ಎಂಬುದು ನಮ್ಮ ವಾದ. ಈ ಮಾತು ಕೆಲವರಿಗೆ ಕಹಿಯಾದೀತು. ಆದರೂ ಹೇಳಿಬಿಡುತ್ತೇವೆ.

ಕೆಲವು ತಾರೀಖುಗಳನ್ನು ಒಂದರ ಕೆಳಗೊಂದು ಬರೆದು ನೋಡೋಣ. ಗುಮಾಸ್ತರಾದ ನಮಗೆ ಪಟ್ಟಿ ಮಾಡುವುದು ರೂಢಿ.

2013ರ ಮಾರ್ಚ್ 19: ಗೋವೆಯಿಂದ ಮುಂಬಯಿಗೆ ಬರುತ್ತಿದ್ದ ಖಾಸಗಿ ಬಸ್ಸು ರತ್ನಾಗಿರಿ ಜಿಲ್ಲೆಯ ಖೇಡ್ ಬಳಿ ಸೇತುವೆಯ ಕಟಕಟೆ ಮುರಿದು ಜಗಬುಡಿ ನದಿಗೆ ಬಿತ್ತು, 37 ಮಂದಿ ಸತ್ತರು. ಅದೇ ವರ್ಷದ ಅಕ್ಟೋಬರ್ 30, ದೀಪಾವಳಿಯ ವಾರ: ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿಯಿತು, 45 ಮಂದಿ ಬೂದಿಯಾದರು. ಹದಿನೈದೇ ದಿನಗಳಲ್ಲಿ, ನವೆಂಬರ್ 14ರಂದು, ಬೆಂಗಳೂರಿನಿಂದ ನಮ್ಮ ಈ ಮುಂಬಯಿಗೇ ಬರುತ್ತಿದ್ದ ಬಸ್ಸಿಗೆ ಹಾವೇರಿ ಜಿಲ್ಲೆಯಲ್ಲಿ ಬೆಂಕಿ ತಗಲಿತು. ಏಳು ಮಂದಿ ಹೋದರು. 2023ರ ಏಪ್ರಿಲ್ 15: ಪುಣೆಯ ಕಡೆಯಲ್ಲಿ ಅಂಬೇಡ್ಕರ್ ಜಯಂತಿಯ ಕಾರ್ಯಕ್ರಮ ಮುಗಿಸಿ ಮುಂಬಯಿಗೆ ಮರಳುತ್ತಿದ್ದ ವಾದ್ಯವೃಂದದ ಹುಡುಗರ ಬಸ್ಸು ಬೋರ್ ಘಾಟಿಯಲ್ಲಿ ಶಿಂಗ್ರೋಬಾ ಗುಡಿಯ ಹತ್ತಿರ ಕಮರಿಗೆ ಬಿತ್ತು, 13 ಸಾವು. ಅದೇ ವರ್ಷದ ಜುಲೈ 1: ನಾಗಪುರದಿಂದ ಪುಣೆಗೆ ಹೊರಟ ಬಸ್ಸು ಸಮೃದ್ಧಿ ಮಹಾಮಾರ್ಗದಲ್ಲಿ ಬುಲ್ಢಾಣಾ ಜಿಲ್ಲೆಯಲ್ಲಿ ಉರುಳಿ ಉರಿಯಿತು, 25 ಸಾವು. 2025ರ ಅಕ್ಟೋಬರ್ 24, ದೀಪಾವಳಿ ಮುಗಿದ ವಾರ: ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಸುಟ್ಟು 19 ಪ್ರಯಾಣಿಕರು ಸತ್ತರು.

ಇವುಗಳಿಗೆ ಕಾರಣ ಒಂದೇ ಅಲ್ಲ. ಒಂದು ಕಡೆ ವೇಗ, ಇನ್ನೊಂದು ಕಡೆ ರಸ್ತೆ ವಿಭಜಕ, ಮತ್ತೊಂದು ಕಡೆ ರಸ್ತೆಯಲ್ಲಿ ಬಿದ್ದಿದ್ದ ಮೋಟಾರ್ ಸೈಕಲ್ಲು. ಎಲ್ಲವನ್ನೂ ಚಾಲಕನ ನಿದ್ರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ, ನಾವೂ ಕಟ್ಟುವುದಿಲ್ಲ. ಆದರೆ ಪಟ್ಟಿಯ ಪಕ್ಕದಲ್ಲಿ ಗಂಟೆಯನ್ನೂ ಬರೆದು ನೋಡಿ. ಆರಕ್ಕೆ ಆರೂ ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವ ಮುನ್ನ ನಡೆದಂಥವು. ಹೊರಗೆ ಏನೇ ಅಡ್ಡ ಬರಲಿ, ಅದನ್ನು ಕಂಡು, ತಿಳಿದು, ಬ್ರೇಕು ಒತ್ತಬೇಕಾದ ಮನುಷ್ಯ ಆ ಹೊತ್ತಿನಲ್ಲಿ ಅರ್ಧ ಮನುಷ್ಯ. ಒಳಗೆ ಮಲಗಿದವರೂ ಅಷ್ಟೇ. ಎದ್ದು ಬಾಗಿಲು ಹುಡುಕುವಷ್ಟರಲ್ಲಿ ಹೊಗೆ ತುಂಬಿರುತ್ತದೆ.

ನಮ್ಮ ಶಂಕರ್‌ನಾಗ್ ಹೋದದ್ದು ಹೇಗೆಂಬುದನ್ನು ಈ ಊರಿನ ಕನ್ನಡಿಗರು ಮರೆತಿರಲಾರರು. ಹೊನ್ನಾವರದ ಆ ಹುಡುಗ ನಾಟಕ ಕಲಿತು ಬೆಳೆದದ್ದು ಇದೇ ಮುಂಬಯಿಯಲ್ಲಿ. 1990ರ ಸೆಪ್ಟೆಂಬರ್ 30, ದಸರೆಯ ದಿನಗಳು; ಬೆಳಗಿನ ಜಾವ, ದಾವಣಗೆರೆಯ ಹತ್ತಿರದ ಆನಗೋಡು, ಇದೇ ಮುಂಬಯಿ-ಬೆಂಗಳೂರು ಹೆದ್ದಾರಿ. ವಯಸ್ಸು 35. ಅಂದು ಕನ್ನಡ ನಾಡೆಲ್ಲ ಅತ್ತಿತು. ಅತ್ತು ಕಣ್ಣೊರಸಿಕೊಂಡು ಮತ್ತೆ ಅದೇ ಹೆದ್ದಾರಿಯಲ್ಲಿ ರಾತ್ರಿ ಹತ್ತಕ್ಕೆ ಹೊರಟಿತು.

ನಾವು ಬಿ.ಎಸ್‌ಸಿ. ಮಾಡಿದ್ದು ಫೈಲು ಕಟ್ಟುವ ಕೆಲಸಕ್ಕೆ ಉಪಯೋಗವಾಗಲಿಲ್ಲ. ಇಲ್ಲಾದರೂ ಆಗಲಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಬಸ್ಸು ಒಂದು ಸೆಕೆಂಡಿನಲ್ಲಿ 22 ಮೀಟರ್ ಸಾಗುತ್ತದೆ. ಚಾಲಕನ ರೆಪ್ಪೆ ನಾಲ್ಕು ಸೆಕೆಂಡು ಮುಚ್ಚಿತೆನ್ನಿ. ಅದನ್ನು ನಿದ್ರೆ ಎಂದು ಅವನೇ ಒಪ್ಪಲಾರ, ತೂಕಡಿಕೆ ಎಂದಾನು. ಅಷ್ಟರಲ್ಲಿ ಬಸ್ಸು ಸುಮಾರು 89 ಮೀಟರ್ ಹೋಗಿರುತ್ತದೆ, ಅಂದರೆ ನಮ್ಮ ಲೋಕಲ್ ಗಾಡಿಯ ನಾಲ್ಕು ಬೋಗಿಗಳ ಉದ್ದ. ಅಷ್ಟು ದೂರ ಬಸ್ಸನ್ನು ನಡೆಸುವವರು ಯಾರೂ ಇರುವುದಿಲ್ಲ. ವೇಗ 60ರಿಂದ 80ಕ್ಕೆ ಏರಿದರೆ ಹೆಚ್ಚಿದ್ದು ಮೂರನೆಯ ಒಂದು ಪಾಲು ಮಾತ್ರವೆಂದು ತೋರುತ್ತದೆ. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಡಿಕ್ಕಿಯ ಹೊಡೆತ ಮುಕ್ಕಾಲು ಪಾಲಿಗೂ ಮೀರಿ ಹೆಚ್ಚುತ್ತದೆ. ಇದು ಪಿ.ಯು.ಸಿ. ಭೌತಶಾಸ್ತ್ರ, ನಮ್ಮ ಮಕ್ಕಳೇ ಹೇಳಿಯಾರು.

ಇನ್ನೊಂದು ಸಂಗತಿ. 1997ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ತಮ್ಮ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. 17 ಗಂಟೆ ಸತತ ಎಚ್ಚರವಿದ್ದವನ ಕೈ-ಕಣ್ಣುಗಳ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯಸಾರವಿದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂಬುದು ಅದರ ಸಾರ. ನಮ್ಮ ದೇಶದ ಕಾಯಿದೆ ಶೇಕಡಾ 0.03 ದಾಟಿದವನನ್ನೇ ಕುಡುಕನೆಂದು ಹಿಡಿಯುತ್ತದೆ. ಎಂದ ಮೇಲೆ ಬೆಳಗ್ಗೆ ಹತ್ತಕ್ಕೆ ಎದ್ದ ಚಾಲಕ ಮರುದಿನ ನಸುಕಿನ ಮೂರಕ್ಕೆ ಕುಡಿಯದೆಯೇ ಕುಡಿದವನಾಗಿರುತ್ತಾನೆ. ಅವನನ್ನು ಊದಿಸಿ ನೋಡುವ ಯಂತ್ರ ಯಾವ ಪೊಲೀಸನ ಕೈಯಲ್ಲೂ ಇಲ್ಲ. ಚಾಲಕ ಕುಡಿದು ಬಂದರೆ ಬಸ್ಸು ಹತ್ತದೆ ಗಲಾಟೆ ಮಾಡುವ ನಾವು, ನಿದ್ರೆಗೆಟ್ಟು ಬಂದವನಿಗೆ "ಸ್ವಲ್ಪ ಜೋರಾಗಿ ಹೊಡೀರಿ" ಎನ್ನುತ್ತೇವೆ!

ಇನ್ನು ಬೆಳಗಿಗೆ ಮುಟ್ಟುವ ಲೆಕ್ಕ. ಪನ್ವೇಲಿನಿಂದ ಉಡುಪಿಗೆ ಸುಮಾರು 800 ಕಿಲೋಮೀಟರ್. ರಾತ್ರಿ ಎಂಟಕ್ಕೆ ಪನ್ವೇಲ್ ಬಿಟ್ಟು ಬೆಳಗ್ಗೆ ಎಂಟಕ್ಕೆ ಉಡುಪಿ ಎಂದು ಏಜಂಟ್ ಹೇಳಿದರೆ ನಮಗೆ ಖುಷಿ. ಊಟ, ಚಹಾ, ಡೀಸೆಲ್, ಇಳಿಯುವವರು, ಎಲ್ಲಕ್ಕೂ ಸೇರಿ ಒಂದೂವರೆ ಗಂಟೆ ತೆಗೆಯಿರಿ. ಉಳಿದ ಹತ್ತೂವರೆ ಗಂಟೆಯಲ್ಲಿ 800 ಕಿಲೋಮೀಟರ್ ಎಂದರೆ ಸರಾಸರಿಯೇ 76 ಆಯಿತು. ಕೇಂದ್ರ ಸರಕಾರದ 2018ರ ಅಧಿಸೂಚನೆಯ ಪ್ರಕಾರ ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಬಸ್ಸಿಗೆ ಗರಿಷ್ಠ 90, ಅಂಥದಿಲ್ಲದ ಸಾಮಾನ್ಯ ರಸ್ತೆಯಲ್ಲಿ 60. ಘಾಟಿ, ತಿರುವು, ಪೇಟೆ, ದನ, ಕಾಮಗಾರಿಯ ತಿರುಗುದಾರಿ ಇವೆಲ್ಲ ಇರುವ ದಾರಿಯಲ್ಲಿ ಸರಾಸರಿ 76 ಬರಬೇಕಾದರೆ ಸಿಕ್ಕಲ್ಲೆಲ್ಲ ನೂರು ಮುಟ್ಟಲೇಬೇಕು. ಕಾನೂನು ಮುರಿಯದೆ ನೆರವೇರಿಸಲಾಗದ ಮಾತನ್ನು ಏಜಂಟ್ ಮಾರುತ್ತಾನೆ, ನಾವು ದುಡ್ಡು ಕೊಟ್ಟು ಕೊಳ್ಳುತ್ತೇವೆ. ಸ್ಟಿಯರಿಂಗ್ ಹಿಡಿದವನು ಇಬ್ಬರ ಸಾಲವನ್ನೂ ತೀರಿಸಬೇಕು.

ಆ ಚಾಲಕನ ದಿನ ಆರಂಭವಾದದ್ದು ಪನ್ವೇಲಿನಲ್ಲಿ ಅಲ್ಲ. ಮಧ್ಯಾಹ್ನ ಮೂರೂವರೆ-ನಾಲ್ಕಕ್ಕೆ ಬೊರಿವಲಿಯಲ್ಲಿ ಬಸ್ಸು ಹೊರತೆಗೆದು, ಮುಂಬಯಿಯ ಟ್ರಾಫಿಕ್ಕಿನಲ್ಲಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಹೆಕ್ಕಿಕೊಂಡು ಪನ್ವೇಲ್ ಮುಟ್ಟುವಷ್ಟರಲ್ಲೇ ಅವನ ಅರ್ಧ ದಿನದ ದುಡಿಮೆ ಮುಗಿದಿರುತ್ತದೆ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯಿದೆಯಲ್ಲೇ ದಿನಕ್ಕೆ ಎಂಟು ಗಂಟೆ, ದೂರದ ಓಟವಾದರೆ ಹೆಚ್ಚೆಂದರೆ ಹತ್ತು ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ ಎಂದು ಬರೆದಿತ್ತು. ಮೋಟಾರು ವಾಹನಗಳ 1988ರ ಕಾಯಿದೆಯ 91ನೆಯ ಕಲಮು ಚಾಲಕರ ಕೆಲಸದ ಗಂಟೆಗಳಿಗೆ ಅದನ್ನೇ ಆಧಾರವಾಗಿ ಹಿಡಿಯಿತು. ಹಳೆಯ ಕಾಯಿದೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಗಿದೆ. ಎಂಟು ಗಂಟೆಯ ಮಿತಿ ಅಲ್ಲೂ ಇದೆ. ಕಾಗದದ ಮೇಲೆ ಅರುವತ್ತು ವರ್ಷಗಳಿಂದ ನಮ್ಮ ಚಾಲಕರು ಸುಖವಾಗಿ ನಿದ್ರೆ ಮಾಡುತ್ತಿದ್ದಾರೆ!

ರಜೆಯ ದಿನಗಳಲ್ಲಿ ಇದು ಇಮ್ಮಡಿ ಕೆಡುವುದಕ್ಕೆ ಕಾರಣವೂ ಸರಳ. ಸೀಜನ್ ಬಂದೊಡನೆ ಬಸ್ಸುಗಳು ಹೆಚ್ಚುತ್ತವೆ. ಮೂಲೆಯಲ್ಲಿ ನಿಂತ ಹಳೆಯ ಬಸ್ಸಿಗೂ ಬಣ್ಣ ಬಳಿದು 'ಎಕ್ಸ್‌ಟ್ರಾ ಗಾಡಿ' ಎಂದು ಬೋರ್ಡು ಹಾಕುತ್ತಾರೆ. ಬಸ್ಸು ಹೆಚ್ಚಿದಷ್ಟು ಸುಲಭವಾಗಿ ನುರಿತ ಚಾಲಕರು ಹೆಚ್ಚುವುದಿಲ್ಲ. ಆಗ ಒಂದು ಬಸ್ಸಿನಲ್ಲಿದ್ದ ಇಬ್ಬರು ಚಾಲಕರನ್ನು ಎರಡು ಬಸ್ಸಿಗೆ ಹಂಚುತ್ತಾರೆ. ಊರು ಮುಟ್ಟಿದವನು ಅದೇ ಸಂಜೆ ಮತ್ತೆ ಮುಂಬಯಿಗೆ ಹೊರಡುತ್ತಾನೆ. ಎಲ್ಲ ಮಾಲಕರೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಇಬ್ಬರು ಚಾಲಕರಿಗೆ ಸಂಬಳ ಕೊಟ್ಟು, ಇಬ್ಬರಿಗೂ ಮಲಗಲು ಜಾಗ ಕೊಟ್ಟು ನಡೆಸುವವರೂ ಇದ್ದಾರೆ. ಆದರೆ ಅಂಥವರ ಟಿಕೀಟು ನೂರು ರೂಪಾಯಿ ಹೆಚ್ಚೆಂದೂ, ಅವರ ಬಸ್ಸು ಒಂದು ಗಂಟೆ ತಡವೆಂದೂ ಬಿಟ್ಟುಹೋಗುವವರು ಯಾರು? ನಾವೇ ತಾನೆ?

'ನಾವು' ಎಂದು ಬರೆದದ್ದು ಬರಿಯ ಶೈಲಿಗಾಗಿ ಅಲ್ಲ. ನಮ್ಮ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಊರಿನ ಮದುವೆಯೊಂದನ್ನು ಮುಗಿಸಿ ಭಾನುವಾರ ಮಧ್ಯಾಹ್ನ ಉಡುಪಿಯಲ್ಲಿ ಬಸ್ಸು ಹತ್ತಿದೆವು. ಕೇಂದ್ರ ಸರಕಾರಿ ನೌಕರನಿಗೆ ವರ್ಷಕ್ಕೆ ಎಂಟೇ ಸಾಂದರ್ಭಿಕ ರಜೆ. ಅದರಲ್ಲಿ ಒಂದನ್ನೂ ದಾರಿಗೆಂದು ಖರ್ಚು ಮಾಡುವ ಮನಸ್ಸಿರಲಿಲ್ಲ. ಸೋಮವಾರ ಬೆಳಗ್ಗೆ ಬಸ್ಸಿನಿಂದ ಇಳಿದು, ಮುಖ ತೊಳೆದು, ನೆಟ್ಟಗೆ ಕಚೇರಿಗೆ ಹೋಗುವ ಏರ್ಪಾಡು. ಹಿಂದೆಯೂ ಹಲವು ಬಾರಿ ಹಾಗೆ ಹೋಗಿದ್ದೆವು, ಅದನ್ನು ಸಹೋದ್ಯೋಗಿಗಳ ಮುಂದೆ ಜಂಬದಿಂದ ಹೇಳಿಕೊಂಡದ್ದೂ ಉಂಟು. ನಡುರಾತ್ರಿ ಕಳೆದು ಸುಮಾರು ಮೂರರ ಹೊತ್ತಿಗೆ ಸಂಗಮೇಶ್ವರದ ಹತ್ತಿರ ಚಹಾದ ಹೋಟೆಲಿನ ಮುಂದೆ ಬಸ್ಸು ನಿಂತಿತು. ಕಾಲು ಗಂಟೆ ಕಳೆದರೂ ಹೊರಡಲಿಲ್ಲ. ಚಾಲಕ ಒಳಗೆ ಬಂದು ಕೈಮುಗಿದಂತೆ ಮಾಡಿ, "ಒಂದು ಗಂಟೆ ಕಣ್ಣು ಮುಚ್ಚಿಕೊಳ್ತೇನೆ ಸಾರ್, ನಿದ್ರೆ ಎಳೀತಾ ಉಂಟು. ಇನ್ನೊಬ್ಬ ಡ್ರೈವರನ್ನು ಎಕ್ಸ್‌ಟ್ರಾ ಗಾಡಿಗೆ ಹಾಕಿದ್ದಾರೆ" ಎಂದ.

ಬಸ್ಸಿನಲ್ಲಿ ಗುಜುಗುಜು ಎದ್ದಿತು. "ಏನು ಮಾರಾಯ್ರೆ, ನೀವು ನಿದ್ರೆ ಮಾಡ್ಲಿಕ್ಕೆ ನಾವು ದುಡ್ಡು ಕೊಟ್ಟದ್ದಾ? ಬೆಳಗ್ಗೆ ಆಫೀಸು ಉಂಟು ನಮಗೆ" ಎಂದು ಗಟ್ಟಿಯಾಗಿ ಹೇಳಿದ ಧ್ವನಿ ಒಂದಿತ್ತು. ಆ ಧ್ವನಿ ನಮ್ಮದು. ಹತ್ತಾರು ಮಂದಿ ಹೌದು ಹೌದೆಂದರು. ಒಬ್ಬ ವಯಸ್ಸಾದ ತಾಯಿ ಮಾತ್ರ "ಮಲಗಲಿ ಬಿಡಿ ಮಗ, ಪಾಪ" ಎಂದರು. ಅವರ ಮಾತು ಯಾರಿಗೂ ಕೇಳಲಿಲ್ಲ. ಚಾಲಕ ಏನೂ ಹೇಳದೆ ತಲೆಗೆ ನೀರು ಹಾಕಿಕೊಂಡು ಬಂದು ಕೂತ.

ಮುಕ್ಕಾಲು ಗಂಟೆಯೊಳಗೆ ಬಸ್ಸು ತಿರುವಿನಲ್ಲಿ ರಸ್ತೆ ಬಿಟ್ಟಿತು. ಎಡಗಡೆ ಕಣಿವೆ ಇರಲಿಲ್ಲ, ಮುರಕಲ್ಲಿನ ದರೆ ಇತ್ತು. ಅದಕ್ಕೆ ಒರಗಿ ನಿಂತುಕೊಂಡಿತು. ನಮಗೆಲ್ಲ ತರಚು ಗಾಯ. ಮುಂದಿನ ಬಾಗಿಲ ಬಳಿ ಕೂತಿದ್ದ ಕ್ಲೀನರ್ ಹುಡುಗನ ಬಲಗೈ ಮಾತ್ರ ತಗಡಿನಡಿ ಸಿಕ್ಕಿ ಎರಡು ಕಡೆ ಮುರಿಯಿತು. ಬಾಗಲಕೋಟೆಯ ಕಡೆಯವನು, ಇನ್ನೂ ಇಪ್ಪತ್ತು ದಾಟಿರದ ಹುಡುಗ. "ಯವ್ವಾ, ಯವ್ವಾ" ಎಂದು ಅವನು ಕೂಗಿದ ಕೂಗನ್ನು ಇಲ್ಲಿ ಬರೆದು ತೋರಿಸಲಾರೆವು. ಯಾವುದೋ ಜೀಪು ನಿಲ್ಲಿಸಿ ಚಾಲಕನೇ ಅವನನ್ನು ಎತ್ತಿಕೊಂಡು ಹೋದ. ನಾವು ಏನು ಮಾಡಿದೆವು? ಹಿಂದಿನಿಂದ ಬಂದ ಬೇರೆ ಬಸ್ಸಿನಲ್ಲಿ ಜಾಗಕ್ಕಾಗಿ ಜಗಳವಾಡಿದೆವು. ಹುಡುಗನನ್ನು ಯಾವ ಆಸ್ಪತ್ರೆಗೆ ಒಯ್ದರೆಂದು ಕೇಳಿದವರಿಲ್ಲ. ಮಧ್ಯಾಹ್ನ ಎರಡಕ್ಕೆ ಕಚೇರಿ ಮುಟ್ಟಿ ಅರ್ಧ ದಿನದ ರಜೆ ಬರೆದುಕೊಟ್ಟೆವು. ಆ ಚಾಲಕನಿಗೆ ಒಂದು ಗಂಟೆ ಕೊಟ್ಟಿದ್ದರೆ ಬೆಳಗ್ಗೆಯೇ ಕಚೇರಿಯಲ್ಲಿರುತ್ತಿದ್ದೆವು, ಹುಡುಗನ ಕೈಯೂ ನೆಟ್ಟಗಿರುತ್ತಿತ್ತು.

ಆದ್ದರಿಂದ ಬಸ್ಸಿನ ಅಪಘಾತದ ಸುದ್ದಿ ಬಂದೊಡನೆ "ಡ್ರೈವರ್ ನಿದ್ದೆ ಮಾಡಿದನಂತೆ" ಎಂದು ನಮ್ಮವರು ಹೇಳಿ ಮುಗಿಸುವಾಗ ನಮಗೆ ಸುಮ್ಮನಿರಲಾಗುವುದಿಲ್ಲ. ಅವನನ್ನು ಮಲಗಲು ಬಿಡದವರು ಯಾರು ಎಂಬ ಪ್ರಶ್ನೆ ಯಾವ ಪಂಚನಾಮೆಯಲ್ಲೂ ಬರುವುದಿಲ್ಲ.

ಇದಕ್ಕೆ ಬರಬಹುದಾದ ಉತ್ತರಗಳು ನಮಗೆ ಗೊತ್ತು.

"ರಸ್ತೆ ಸರಿ ಇಲ್ಲ, ಸರಕಾರ ಸತ್ತಿದೆ" ಎನ್ನುವವರುಂಟು. ಒಪ್ಪಿದೆವು. ಪನ್ವೇಲ್-ಇಂದಾಪುರ ರಸ್ತೆಯನ್ನು ಅಗಲ ಮಾಡುವ ಕೆಲಸ ಆರಂಭವಾದದ್ದು 2011ರ ಸುಮಾರಿಗೆ. ಅಂದು ಹುಟ್ಟಿದ ಮಗು ಹೈಸ್ಕೂಲಿಗೆ ಬಂದರೂ ಆ ದಾರಿಯ ಗೋಳು ಮುಗಿಯಲಿಲ್ಲ. 2016ರ ಆಗಸ್ಟ್ 2ರ ರಾತ್ರಿ ಮಹಾಡಿನ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕೊಚ್ಚಿಹೋಗಿ ಎರಡು ಎಸ್.ಟಿ. ಬಸ್ಸುಗಳು ನೀರುಪಾಲಾದಾಗ ತಪ್ಪು ಚಾಲಕರದ್ದಾಗಿರಲಿಲ್ಲ, ಪ್ರಯಾಣಿಕರದ್ದೂ ಆಗಿರಲಿಲ್ಲ. ಸರಕಾರವನ್ನು ಬೈಯೋಣ, ಬೈಯಲೇಬೇಕು. 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ ಎಂದು ಸರಕಾರದ ವರದಿಯೇ ಹೇಳುತ್ತದೆ. ದಿನಕ್ಕೆ 460ರ ಮೇಲಾಯಿತು. ಒಟ್ಟು ರಸ್ತೆಯ ಉದ್ದದಲ್ಲಿ ನೂರಕ್ಕೆ ಸುಮಾರು ಎರಡರಷ್ಟು ಮಾತ್ರವಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲೇ ಇವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಸತ್ತರು. ಆದರೆ ರಸ್ತೆ ಕೆಟ್ಟಿದ್ದರೆ ನಿಧಾನ ಹೋಗಬೇಕೆಂಬುದು ಎತ್ತಿನ ಗಾಡಿಯವನಿಗೂ ಗೊತ್ತಿತ್ತು. ಕೆಟ್ಟ ರಸ್ತೆಯನ್ನು ತೋರಿಸಿ ಕೆಟ್ಟ ಅವಸರವನ್ನು ಸಮರ್ಥಿಸುವುದು ಯಾವ ನ್ಯಾಯ? ಒಳ್ಳೆಯ ರಸ್ತೆಯ ಕಥೆಯೂ ಅಷ್ಟೆ. ಬುಲ್ಢಾಣಾದ ಆ 25 ಮಂದಿ ಸತ್ತದ್ದು ನುಣುಪಾದ ಹೊಸ ಮಹಾಮಾರ್ಗದ ಮೇಲೆ.

"ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲಾದೀತೆ?" ಎನ್ನುವವರು ಎರಡನೆಯವರು. ಹಣೆಬರಹದ ಮೇಲೆ ಅಷ್ಟು ನಂಬಿಕೆಯಿದ್ದವರು ಮಕ್ಕಳಿಗೆ ಪೋಲಿಯೋ ಹನಿ ಯಾಕೆ ಹಾಕಿಸಿದಿರಿ? ಲೋಕಲ್ ಗಾಡಿ ಬರುವಾಗ ಹಳಿ ದಾಟಬೇಡವೆಂದು ಮಗಳಿಗೆ ಯಾಕೆ ಹೇಳುತ್ತೀರಿ? ವಿಧಿ ಬರೆಯುವುದು ನಿಜವಿದ್ದರೂ ಟಿಕೀಟು ಬರೆಸುವವರು ನಾವೇ.

ಮೂರನೆಯ ಉತ್ತರವೊಂದೇ ನಮ್ಮನ್ನು ಕಾಡುವುದು. "ನಿಮಗೇನು, ಸರಕಾರಿ ನೌಕರಿ. ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ, ಸಣ್ಣ ಕಂಪೆನಿಯಲ್ಲಿ ದುಡಿಯುವವನಿಗೆ ಒಂದು ದಿನ ಎಂದರೆ ಒಂದು ದಿನದ ಸಂಬಳ. ಹಗಲು ಪ್ರಯಾಣ ಮಾಡಿ, ಒಂದು ಕಡೆ ತಂಗಿ ಹೋಗಿ ಎಂದರೆ ಯಾರು ಕೊಡುತ್ತಾರೆ?" ಈ ಮಾತಿಗೆ ನಮ್ಮಲ್ಲಿ ಸುಲಭದ ಜವಾಬಿಲ್ಲ. ನಾಲ್ಕು ದಿನದ ರಜೆಯಲ್ಲಿ ಎರಡು ದಿನ ದಾರಿಯಲ್ಲೇ ಕಳೆದರೆ ಊರಿನ ತಾಯಿಯ ಮುಖ ನೋಡುವುದೆಷ್ಟು ಹೊತ್ತು? ಆದರೆ ನಾವು ಕೇಳುತ್ತಿರುವುದು ಒಂದು ದಿನವನ್ನಲ್ಲ. ಇಬ್ಬರು ಚಾಲಕರಿರುವ ಬಸ್ಸು, ಮೂರು ಗಂಟೆ ತಡವಾಗಿ ಮುಟ್ಟುವ ವೇಳಾಪಟ್ಟಿ, ಇಷ್ಟೇ. ಎಂಟರ ಬದಲು ಹನ್ನೊಂದಕ್ಕೆ ಮನೆ ಬಾಗಿಲಿಗೆ ಬಂದ ಮಗನನ್ನು ಯಾವ ತಾಯಿ ಒಳಗೆ ಕರೆಯುವುದಿಲ್ಲ?

ದುಡ್ಡಿನ ಮಾತೂ ಹೀಗೆಯೇ. ಖಾಸಗಿ ಬಸ್ಸಿನವರು ಸೀಜನ್ನಿನಲ್ಲಿ ಮನಬಂದ ದರ ಹಾಕಬಾರದೆಂದು ಮಹಾರಾಷ್ಟ್ರ ಸರಕಾರ 2018ರ ಏಪ್ರಿಲಿನಲ್ಲೇ ಆಜ್ಞೆ ಹೊರಡಿಸಿದೆ. ಅದೇ ದರ್ಜೆಯ ಎಸ್.ಟಿ. ಬಸ್ಸಿನ ದರಕ್ಕಿಂತ ಒಂದೂವರೆ ಪಟ್ಟು ಮೀರುವಂತಿಲ್ಲ. ಇದನ್ನು ತಿಳಿದು ಆರ್.ಟಿ.ಓ.ಗೆ ದೂರು ಬರೆದವರು ನಮ್ಮಲ್ಲಿ ಎಷ್ಟು ಮಂದಿ? ಮಾಮೂಲಿನ ಎರಡು-ಮೂರು ಪಟ್ಟು ಕೊಟ್ಟೂ, ಆ ದುಡ್ಡಿನಲ್ಲಿ ಎರಡನೆಯ ಚಾಲಕನ ಸಂಬಳ ಸೇರಿದೆಯೇ ಎಂದು ಕೇಳುವ ಧೈರ್ಯ ನಮಗಿಲ್ಲ. ಧೈರ್ಯವಿಲ್ಲ ಎನ್ನುವುದಕ್ಕಿಂತ ಮುಲಾಜು ಎನ್ನುವುದೇ ಸರಿ. ಬಸ್ಸಿನ ಧಣಿಗಳಲ್ಲಿ ಹಲವರು ನಮ್ಮವರೇ. ಸಂಘದ ವಾರ್ಷಿಕೋತ್ಸವಕ್ಕೆ ದೇಣಿಗೆ ಅವರದು, ವಿಶೇಷಾಂಕಕ್ಕೆ ಜಾಹೀರಾತು ಅವರದು, ವೇದಿಕೆಯ ಮೇಲೆ ಶಾಲು-ಹಾರ ಅವರಿಗೆ. ಅವರಿಗೆ ಗೌರವ ಸಲ್ಲಬಾರದೆಂದು ನಾವು ಹೇಳುವವರಲ್ಲ. ರೈಲಿಲ್ಲದ ಕಾಲದಲ್ಲಿ ಊರಿಗೂ ಮುಂಬಯಿಗೂ ದಾರಿ ಮಾಡಿಕೊಟ್ಟವರು ಅಂಥವರೇ. ಆದರೆ ಶಾಲು ಹೊದಿಸುವ ಕೈ ಒಂದು ಪ್ರಶ್ನೆಯನ್ನೂ ಕೇಳಬಾರದೆ? ಈ ಸಾಲುಗಳನ್ನು ಸಂಪಾದಕರು ಹೊಡೆದುಹಾಕಲಾರರೆಂದು ನಂಬಿದ್ದೇವೆ.

ಸಾಮಾನಿನ ವಿಷಯವನ್ನೂ ಮುಚ್ಚಿಡಬಾರದು. ತೆಂಗಿನಕಾಯಿ, ಕುಚ್ಚಲಕ್ಕಿ, ಹಲಸಿನಕಾಯಿ, ಉಪ್ಪಿನಕಾಯಿ ಭರಣಿ, ಇವೆಲ್ಲವನ್ನೂ ಗೋಣಿಯಲ್ಲಿ ಕಟ್ಟಿ ಬಸ್ಸಿನ ನಡುದಾರಿಯಲ್ಲೂ, ತುರ್ತು ಬಾಗಿಲಿನ ಅಡ್ಡಕ್ಕೂ ಇಡಿಸುವವರು ಬೇರೆ ಯಾರೂ ಅಲ್ಲ. ಕರ್ನೂಲಿನ ಬಸ್ಸಿನ ಸಾಮಾನು ಕೋಣೆಯಲ್ಲಿ ಮೊಬೈಲ್ ಫೋನುಗಳ ಪಾರ್ಸೆಲ್ ಇತ್ತೆಂದು ಆಗ ವರದಿಯಾಯಿತು. ಬೆಂಕಿ ಬಿದ್ದ ರಾತ್ರಿ ನಮ್ಮ ಹಲಸಿನಕಾಯಿ ಗೋಣಿ ಯಾರ ಮಗುವಿನ ದಾರಿಗೆ ಅಡ್ಡವಾದೀತೆಂದು ಒಂದು ಗಳಿಗೆ ಯೋಚಿಸಿದ್ದೇವೆಯೆ?

ಸ್ವಂತ ಕಾರಿನವರು ಇದನ್ನೋದಿ ನಿರಾಳವಾಗಬೇಕಿಲ್ಲ. ಶುಕ್ರವಾರ ಸಂಜೆವರೆಗೆ ಕಂಪ್ಯೂಟರಿನ ಮುಂದೆ ದುಡಿದು, ರಾತ್ರಿ ಹತ್ತಕ್ಕೆ ಹೆಂಡತಿ-ಮಕ್ಕಳನ್ನು ಹತ್ತಿಸಿಕೊಂಡು "ಬೆಳಗ್ಗೆ ಕುಂದಾಪುರದಲ್ಲಿ ಕಾಫಿ" ಎಂದು ಹೊರಡುವ ನಮ್ಮ ತರುಣರಿಗೆ ಎರಡನೆಯ ಚಾಲಕನೂ ಇಲ್ಲ. ಅವರ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಳ್ಳುವವರೂ ಇಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್‌ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದರೆಂದು ತನಿಖೆಯಲ್ಲಿ ಹೊರಬಿತ್ತು. ಕಾರು ಅತ್ಯುತ್ತಮವಾಗಿತ್ತು, ಹೊತ್ತು ಹಗಲಾಗಿತ್ತು. ಅಜ್ಜಿಯ ತೊಡೆಯ ಮೇಲೆ ಮಲಗಿದ ಮಗುವಿಗೆ ಅಜ್ಜಿಯ ಕೈಯೇ ಬೆಲ್ಟೆಂದು ನಂಬಿ ಕೂರುವ ನಾವು ಇದನ್ನು ಕೇಳಿ ಏನು ಕಲಿತೆವು?

ಹಾಗಾದರೆ ಮಾಡಬೇಕಾದುದೇನು? ಬರಿಯ ಬೈಗುಳದಿಂದ ಪ್ರಯೋಜನವಿಲ್ಲ. ನಮಗೆ ತೋಚಿದ್ದನ್ನು ಹೇಳುತ್ತೇವೆ.

ಟಿಕೀಟು ಕೊಳ್ಳುವಾಗ ಎರಡರ ಬದಲು ಐದು ಪ್ರಶ್ನೆ ಕೇಳೋಣ. ಚಾಲಕರು ಎಷ್ಟು ಮಂದಿ? ಇಂದು ಓಡಿಸುವವನು ನಿನ್ನೆ ರಾತ್ರಿ ಎಲ್ಲಿದ್ದ? ಎರಡನೆಯವನು ಮಲಗುವುದು ಸೀಟಿನಲ್ಲೋ, ಸಾಮಾನಿನ ಡಿಕ್ಕಿಯಲ್ಲೋ? ತುರ್ತು ಬಾಗಿಲು ತೆರೆಯುತ್ತದೆಯೇ, ಗಾಜು ಒಡೆಯುವ ಸುತ್ತಿಗೆ ಇದೆಯೇ? ಕೊನೆಯದಾಗಿ, ಎಷ್ಟು ಗಂಟೆಗೆ ಮುಟ್ಟುತ್ತದೆ? ಈ ಐದನೆಯದಕ್ಕೆ ತೀರ ಬೇಗದ ಗಂಟೆ ಹೇಳಿದವನ ಬಸ್ಸನ್ನು ಬಿಟ್ಟುಬಿಡೋಣ. ಒಬ್ಬರು ಕೇಳಿದರೆ ಏಜಂಟ್ ನಗುತ್ತಾನೆ. ಐವತ್ತು ಮಂದಿ ಕೇಳಿದರೆ ಧಣಿಗೆ ಫೋನು ಮಾಡುತ್ತಾನೆ.

ಸರಕಾರಿ ಸಾರಿಗೆ ಬಸ್ಸು ಇರುವ ದಾರಿಯಲ್ಲಿ ಅದನ್ನೇ ಮೊದಲು ನೋಡೋಣ. ಸರಕಾರಿ ನೌಕರರಾದ ನಮ್ಮ ಬಂಧುಗಳಿಗೆ ನೆನಪಿರಲಿ, ಎಲ್.ಟಿ.ಸಿ.ಯಲ್ಲಿ ಹಣ ಸಿಗುವುದು ಸರಕಾರಿ ಬಸ್ಸಿನ ಟಿಕೀಟಿಗೇ ಹೊರತು ಖಾಸಗಿ ಬಸ್ಸಿನದಕ್ಕಲ್ಲ. ಚಾಲಕ ಚಹಾಕ್ಕೆಂದೋ ನಿದ್ರೆಗೆಂದೋ ನಿಲ್ಲಿಸಿದರೆ ಬಾಯಿ ಮುಚ್ಚಿ ಕೂರೋಣ. ಬೇರೆಯವರು ಕೂಗಿದರೆ ಆ ವೃದ್ಧೆಯ ಹಾಗೆ, ಆದರೆ ಎಲ್ಲರಿಗೂ ಕೇಳುವಂತೆ, "ಮಲಗಲಿ" ಎನ್ನೋಣ. ದಾರಿಯಲ್ಲಿ ಅಪಘಾತ ಕಂಡರೆ 112 ಅಥವಾ ಹೆದ್ದಾರಿಯ 1033ಕ್ಕೆ ಫೋನು ಮಾಡೋಣ. ಗಾಯಾಳುವನ್ನು ಎತ್ತಿ ಸಾಗಿಸಿದವರನ್ನು ಪೊಲೀಸರು ಪೀಡಿಸುವಂತಿಲ್ಲವೆಂದು ಕಾಯಿದೆಯಲ್ಲೇ 134ಎ ಕಲಮು ಇದೆ. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ಎಂಬ ಯೋಜನೆ 2025ರ ಮೇ ತಿಂಗಳಿಂದ ಜಾರಿಗೆ ಬಂದಿದೆ. ಇದನ್ನು ಮನೆಯವರೆಲ್ಲ ತಿಳಿದಿರಬೇಕು.

ಇನ್ನು ಸಂಘ-ಸಂಸ್ಥೆಗಳ ಪಾಲು. ಸಮ್ಮೇಳನಕ್ಕೆ, ಜಾತ್ರೆಗೆ, ನೇಮಕ್ಕೆ, ಯಕ್ಷಗಾನ ತಂಡದ ಪ್ರವಾಸಕ್ಕೆ ಇಡಿಯ ಬಸ್ಸನ್ನೇ ಗೊತ್ತು ಮಾಡುವವರು ಅವರು. ಹಾಗೆ ಗೊತ್ತು ಮಾಡುವಾಗ ಇಬ್ಬರು ಚಾಲಕರು, ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಬಸ್ಸು ನಿಂತಿರಬೇಕು, ಎಂಬ ಎರಡು ಷರತ್ತನ್ನು ಕಾಗದದ ಮೇಲೆ ಬರೆಸಿಕೊಂಡರೆ ಕಳೆದುಕೊಳ್ಳುವುದೇನು? ಕೊಲ್ಲಾಪುರದಲ್ಲೋ ಸಾವಂತವಾಡಿಯಲ್ಲೋ ನಾಲ್ಕೈದು ಗಂಟೆ ಮಲಗಿ ಎದ್ದರೆ ಸಮ್ಮೇಳನದ ಭಾಷಣಗಳಲ್ಲಿ ಒಂದೆರಡು ತಪ್ಪಬಹುದು. ಅದನ್ನು ಸಹಿಸಿಕೊಳ್ಳೋಣ! ಮುಂಬಯಿಯ ಎಲ್ಲ ಕನ್ನಡ ಸಂಘಗಳು ಕೂಡಿ ಚೌತಿಗೆ ಮುನ್ನ, ಬೇಸಿಗೆ ರಜೆಗೆ ಮುನ್ನ, ಮಹಾರಾಷ್ಟ್ರ-ಕರ್ನಾಟಕ ಎರಡೂ ರಾಜ್ಯಗಳ ಸಾರಿಗೆ ಆಯುಕ್ತರಿಗೂ ರೈಲ್ವೆಯವರಿಗೂ ಒಂದೊಂದು ಮನವಿ ಕೊಡಲಿ. ಹೆಚ್ಚಿನ ವಿಶೇಷ ಗಾಡಿ ಬಿಡಿ, ಬಸ್ಸುಗಳಲ್ಲಿ ಚಾಲಕರ ಕೆಲಸದ ಗಂಟೆಯನ್ನು ತಪಾಸಿಸಿ ಎಂದು ಕೇಳಲಿ. ಶತಮಾನೋತ್ಸವ, ಬೆಳ್ಳಿಹಬ್ಬಗಳಿಗೆ ಮಂತ್ರಿಗಳನ್ನು ಕರೆತರುವ ಶಕ್ತಿಯಿರುವ ನಮಗೆ ಇದೊಂದು ದೊಡ್ಡ ಕೆಲಸವಲ್ಲ.

ಮುಂದಿನ ಮಹಾಸಭೆಯಲ್ಲಿ ಈ ಬಗ್ಗೆ ಒಂದು ಠರಾವನ್ನು ಮಂಡಿಸಬೇಕೆಂದು ನಿಶ್ಚಯಿಸಿದ್ದೇವೆ. ಅನುಮೋದಿಸುವವರು ಒಬ್ಬರು ಬೇಕು. ಬಸ್ಸಿನ ಧಣಿಗಳಲ್ಲೇ ಒಬ್ಬರು ಎದ್ದು ನಿಂತು ಅನುಮೋದಿಸಿದರೆ ಅವರಿಗೆ ಶಾಲು ಹೊದಿಸಲು ನಾವೇ ಮೊದಲಿಗರಾಗಿ ಬರುತ್ತೇವೆ.

ಸಂಗಮೇಶ್ವರದ ಆ ಹುಡುಗನ ಹೆಸರು ನಮಗೆ ಇಂದಿಗೂ ಗೊತ್ತಿಲ್ಲ. ಕೈ ಸರಿಹೋಯಿತೋ ಇಲ್ಲವೋ, ಅದೂ ಗೊತ್ತಿಲ್ಲ. ಅಂದು ಕೇಳಬೇಕಾಗಿತ್ತು, ಕೇಳಲಿಲ್ಲ. ಈ ಬಾರಿ ಊರಿಗೆ ಹೊರಡುವ ಬಂಧುಗಳು ಹತ್ತುವ ಮುನ್ನ ಚಾಲಕನ ಹೆಸರನ್ನೂ ಕ್ಲೀನರ್ ಹುಡುಗನ ಹೆಸರನ್ನೂ ಒಮ್ಮೆ ಕೇಳಿ ತಿಳಿದುಕೊಳ್ಳಲಿ, "ಊಟ ಆಯ್ತಾ ಅಣ್ಣ, ನಿದ್ರೆ ಆಗಿದೆಯಾ?" ಎಂದು ವಿಚಾರಿಸಲಿ. ಹೆಸರು ಹಿಡಿದು ಮಾತಾಡಿಸಿದ ಮೇಲೆ ಅವನ ಮೇಲೆ ಕೂಗಾಡಲು ಬಾಯಿ ಅಷ್ಟು ಸುಲಭವಾಗಿ ಬರಲಾರದು. ಓದುಗರು ಏನೆನ್ನುತ್ತಾರೆ?